ಮೇಲಿನ ಖೋಲಿಯವನ ಹೆಬ್ಬೆರಳು

ಗುಣವಂತರನ್ನು ಗುರುತಿಸಿ ಗೌರವಿಸುವುದು ನಾಗರಿಕ ಸಮಾಜದ ಮೊದಲ ಲಕ್ಷಣವೆಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದ ಬಲ್ಲವರಿಗೆ ನಮ್ಮ ವಿಜಯಪುರದಲ್ಲಿ ಯಾರೂ ಸನ್ಮಾನ ಮಾಡಿರಲಿಕ್ಕಿಲ್ಲ. ಮಾಡಿದ್ದರೆ ಈ ಮಾತು ಹೇಳಲು ಅವರು ಉಳಿಯುತ್ತಿರಲಿಲ್ಲ.

ಹೋದ ವಾರ ನನಗೂ ಒಂದು ಸನ್ಮಾನವಾಯಿತು. ದೊಡ್ಡ ಕಾರಣವೇನಿಲ್ಲ, ವಯಸ್ಸಾಗಿದೆ, ಅಷ್ಟೇ. ಕೋರ್ಟಿನ ಗುಮಾಸ್ತನಾಗಿ ಜೀವನವಿಡೀ ಬೇರೆಯವರ ಜಗಳಗಳಿಗೆ ನಂಬರು ಹಾಕಿದವನು ನಾನು. ಹಿರಿಯ ನಾಗರಿಕರ ಬಳಗದವರು ಕರೆದು ಕುರ್ಚಿಯ ಮೇಲೆ ಕೂರಿಸಿ, ಪ್ಲಾಸ್ಟಿಕ್ ಚೀಲ ಹರಿದು ಶಾಲು ತೆಗೆದು ಹೆಗಲಿಗೆ ಹಾಕಿದರು. ಹೊಸ ಶಾಲಿಗೆ ಒಂದು ವಾಸನೆ ಇರುತ್ತದೆ. ಗಂಜಿಯದು, ಬಣ್ಣದ್ದು, ಬಹಳ ದಿನ ಉಸಿರು ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ಕಿನದು, ಅದರ ಮೇಲೆ ಚೆಂಡುಹೂವಿನ ಹಾರದ ಹಸಿ ನಾತ... ಅದು ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಕಂಕುಳೊಳಗೆ ಹೋಗಿ ಕೂತವು. "ಕೈ ಮುಗೀರಿ ಸಾಹೇಬ್ರ, ಫೋಟೋ ತಗ್ಯಾಕತ್ತಾರ" ಎಂದರು. ನಾನು ಕೈ ಹೊರಗೆ ತೆಗೆಯಲಿಲ್ಲ. ಮುದುಕನಿಗೆ ಚಳಿ ಎಂದುಕೊಂಡಿರಬೇಕು. ಚಳಿಯಲ್ಲ, ಸಿಟ್ಟು. ನಮ್ಮ ಮೇಲಿನ ಖೋಲಿಯವನು ನೆನಪಾಗಿದ್ದ.

ಸೊಲ್ಲಾಪುರ ರಸ್ತೆಯಿಂದ ಒಳಗೆ ಹೊರಳಿದರೆ ನಮ್ಮ ಮನೆ. ಮಾಳಿಗೆಯ ಮೇಲೆ ಒಂದೇ ಖೋಲಿ. ಕೆಲ ವರ್ಷಗಳ ಹಿಂದೆ ಅದನ್ನು ಬಾಡಿಗೆಗೆ ಹಿಡಿದವನು ತಿಕೋಟಾದ ಹುಡುಗ. ಹುಡುಗ ಎಂದರೆ ಮೂವತ್ತರ ಹತ್ತಿರದವನು, ತೊರವಿಯ ಆಚೆ ಹೊಸದಾಗಿ ಎದ್ದ ಒಂದು ಖಾಸಗಿ ಶಾಲೆಯಲ್ಲಿ ಗುತ್ತಿಗೆಯ ಮೇಲೆ ಆಟದ ಮಾಸ್ತರ. ಸಾಮಾನಿನ ಜೊತೆ ಆಳುದ್ದದ ಚೀಲವೊಂದನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದವನನ್ನು ನನ್ನ ಹೆಂಡತಿ ತಡೆದು ನಿಲ್ಲಿಸಿದಳು.

"ಏನಪಾ ಅದು, ಬಂದೂಕಾ?"

"ಅಲ್ಲರಿ ಕಾಕು, ಕತ್ತಿ."

"ಅಂದ್ರ ಬಾಡಿಗಿ ಕೇಳಾಕ ನಾವು ಮ್ಯಾಲೆ ಬರಬಾರ್ದು ಅಂತ ಈಗ ಹೇಳಾಕತ್ತೀ?"

ಅವನು ನಕ್ಕ. ಅವತ್ತಿನಿಂದ ನಮ್ಮ ಮನೆಯವನೇ ಆದ.

ಅವನ ಆಟ ಫೆನ್ಸಿಂಗ್. ಅದರಲ್ಲೂ ಸೇಬರ್ ಎಂಬ ಜಾತಿಯ ಕತ್ತಿ. ಕೈಗೆ ತೂಕವೇ ಹತ್ತದಷ್ಟು ಹಗುರ, ಮೊನೆಯಿಂದ ಚುಚ್ಚುವುದಕ್ಕಿಂತ ಅಂಚಿನಿಂದ ಹೊಡೆಯುವುದೇ ಹೆಚ್ಚು. ಸೊಂಟದಿಂದ ಮೇಲೆ ಎಲ್ಲಿ ತಾಗಿದರೂ ಅಂಕ ತೋರಿಸುವ ಯಂತ್ರದ ದೀಪ ಹತ್ತುತ್ತದೆ. ಸಂಜೆ ಮಾಳಿಗೆಯ ಮೇಲೆ ಹಳೆಯ ಟೈರೊಂದನ್ನು ತೂಗುಹಾಕಿ ಅದಕ್ಕೆ ಹೊಡೆಯುತ್ತಿದ್ದ. ಒಮ್ಮೆ ನನ್ನ ಕೈಗೂ ಕೊಟ್ಟ. ನಾನು ಕುಡಗೋಲು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದೆ. "ಹಂಗಲ್ಲರಿ ಕಾಕಾ. ಕಾಕು ಹಂಚಿನ ಮ್ಯಾಲೆ ರೊಟ್ಟಿ ತಿರುವ್ತಾರಲ್ಲ, ಹಂಗ. ತೋಳಿನ ಕೆಲಸ ಅಲ್ಲ ಇದು. ಹೆಬ್ಬೆರಳು, ತೋರಬೆರಳು, ಮುಗೀತು" ಎಂದ. ಕೆಳಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ, "ಹಂಗಾದ್ರ ನನ್ನೂ ಕಳಸ್ರಿ ಆಟಕ್ಕ" ಎಂದು ಕೂಗಿದಳು. ಅವಳ ಮಾತಿಗೆ ನಗುತ್ತಲೇ ಅವನು ಕತ್ತಿ ಬೀಸಿದ. ಬೆರಳು ಅಲುಗಿದ್ದೇ ನನಗೆ ಕಾಣಲಿಲ್ಲ, ಟೈರು ಮಾತ್ರ ಗಿರ್ರೆಂದು ತಿರುಗುತ್ತಿತ್ತು...

ಆಮೇಲೆ ಅವನು ಆಯ್ಕೆಯಾದ. ಹತ್ತಾರು ದೇಶ ಸೇರಿ, ಹತ್ತಾರು ಆಟ ಒಂದೇ ಊರಿನಲ್ಲಿ ಆಡುವ ದೊಡ್ಡ ಕ್ರೀಡಾಕೂಟ. ಪುರುಷರ ಸೇಬರ್ ವಿಭಾಗ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಆ ನಾಲ್ಕು ಸಾಲು ಬರದೇ ಇದ್ದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ.

ಹೋಗುವ ಮೊದಲೇ ಸನ್ಮಾನ ಮಾಡುವುದು ನಮ್ಮ ಸೀಮೆಯ ಸಂಪ್ರದಾಯ. ಬಂದ ಮೇಲೆ ಮಾಡಿದರೆ ಅವನು ಗೆದ್ದಿದ್ದಾನೋ ಸೋತಿದ್ದಾನೋ ವಿಚಾರಿಸಬೇಕಾಗುತ್ತದೆ, ಮೊದಲೇ ಮಾಡಿದರೆ ಆ ತೊಂದರೆ ಇಲ್ಲ. ಹುಟ್ಟೂರು ತಿಕೋಟಾದಲ್ಲಿ ಮೊದಲ ಸನ್ಮಾನ. ಕತ್ತಿಯ ಆಟಗಾರನಿಗೆ ಕತ್ತಿಯನ್ನೇ ಕೊಡಬೇಕೆಂದು ಯಾವನೋ ಪುಣ್ಯಾತ್ಮ ಸೂಚಿಸಿದ, ಸೊಂಟದೆತ್ತರದ ಒಂದು ತಲವಾರ ಕೊಟ್ಟರು. ಸುದ್ದಿ ಬಬಲೇಶ್ವರಕ್ಕೆ ಹೋಯಿತು. ಅದು ಅವನ ತಾಯಿಯ ತವರು. ಸೋದರಮಾವನ ಊರು ಹಿಂದೆ ಬೀಳಬಹುದೇ? ಅವರು ಗೇಣುದ್ದ ಹೆಚ್ಚಿನದನ್ನು ತರಿಸಿದರು. ಇನ್ನು ವಿಜಯಪುರ ಜಿಲ್ಲಾಸ್ಥಳ. ಜಿಲ್ಲಾಸ್ಥಳದ ತಲವಾರು ಹೋಬಳಿಯ ತಲವಾರಿಗಿಂತ ಚಿಕ್ಕದಾದರೆ ಆಡಳಿತ ವ್ಯವಸ್ಥೆಯೇ ಕುಸಿದಂತೆ. ಆದ್ದರಿಂದ ಇಲ್ಲಿಯ ಸನ್ಮಾನ ಸಮಿತಿ ಎದೆಮಟ್ಟದ ಒಂದು ತಲವಾರನ್ನು ಮಾಡಿಸಿತು. ಹಿತ್ತಾಳೆಯ ಹಿಡಿ, ಕೆಂಪು ಮಖಮಲ್ಲಿನ ಒರೆ. ಆನೆಯ ಮೇಲೆ ಕೂತವನು ಎರಡೂ ಕೈಯಿಂದ ಬೀಸಬೇಕಾದ ವಸ್ತು.

ಸಮಿತಿಯ ಅಧ್ಯಕ್ಷರೇ ಅವನ ಶಾಲೆಯ ಅಧ್ಯಕ್ಷರು. ಇದನ್ನು ಓದುಗರು ದಯವಿಟ್ಟು ನೆನಪಿಡಬೇಕು. "ಇಷ್ಟೆಲ್ಲ ಯಾಕ ಕಾಕಾ, ಸುಮ್ಮನ ಹೋಗಿ ಬಂದ್ರ ಚಲೋ ಇತ್ತು" ಎಂದು ಅವನು ಹಿಂದಿನ ದಿನ ನನ್ನ ಮುಂದೆ ಅಂದಿದ್ದ. ಆದರೆ ಗುತ್ತಿಗೆಯ ಮಾಸ್ತರ ಅಧ್ಯಕ್ಷರ ಸನ್ಮಾನವನ್ನು ಬೇಡ ಎನ್ನುವುದುಂಟೇ?

ಸಮಾರಂಭಕ್ಕೆ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ರುಮಾಲು ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಧ್ಯಕ್ಷರು ಮಾತಾಡಿದರು. ಇದು ಕತ್ತಿಯ ನೆಲ, ತೋಪಿನ ನೆಲ, ನಮ್ಮ ಹುಡುಗ ಪರದೇಶದವರ ರುಂಡ ಹಾರಿಸಿ ಬರುತ್ತಾನೆ, ಪದಕ ತಂದ ದಿನವೇ ಅವನ ನೌಕರಿ ಖಾಯಂ. ಚಪ್ಪಾಳೆ ಬಿತ್ತು. ಪದಕ ತರದಿದ್ದರೆ ಏನು ಎಂದು ಯಾರೂ ಕೇಳಲಿಲ್ಲ. ಆಮೇಲೆ ತಲವಾರನ್ನು ಅವನ ಬಲಗೈಗೆ ಕೊಟ್ಟು, ಆ ಕೈಯ ಮೇಲೆ ಅಧ್ಯಕ್ಷರು ತಮ್ಮ ದಪ್ಪ ಕೈಯನ್ನು ಬಿಗಿದು, ಮೇಲಕ್ಕೆ ಎತ್ತಿದರು. ಫೋಟೋದವ "ಸಾಹೇಬ್ರ, ಇನ್ನೊಮ್ಮಿ" ಎಂದ. ಇನ್ನೊಮ್ಮೆ ಎತ್ತಿದರು. ಅಷ್ಟರಲ್ಲಿ ಫೋಟೋದಲ್ಲಿ ತಾವೂ ಇರಬೇಕೆಂದು ಸಮಿತಿಯ ಸಮಸ್ತರೂ ವೇದಿಕೆಗೆ ನುಗ್ಗಿದರು, ಒಬ್ಬೊಬ್ಬರೂ ಆ ಹಿಡಿಗೆ ಒಂದೊಂದು ಕೈ ಹಾಕಿದರು. ಹಿಡಿ ಮೊದಲೇ ಇಕ್ಕಟ್ಟಿನದು. "ಎತ್ರಿ, ಎತ್ರಿ" ಎಂದರು. ಅಧ್ಯಕ್ಷರು ಜಗ್ಗಿ ಎತ್ತಿದರು. ಅವನ ಹೆಬ್ಬೆರಳು ಹಿತ್ತಾಳೆಗೆ ಸಿಕ್ಕಿ ಹಿಂದಕ್ಕೆ ಹೋದದ್ದನ್ನು ಮುಂದಿನ ಸಾಲಿನಲ್ಲಿ ಕೂತ ನಾನು ಈ ಕಣ್ಣಿನಿಂದ ನೋಡಿದೆ. ಅವನ ತುಟಿ ಬಿಳಚಿಕೊಂಡಿತು. ನಗು ಮಾತ್ರ ಹಾಗೇ ಇತ್ತು, ಯಾಕೆಂದರೆ ಫೋಟೋ ಇನ್ನೂ ಮುಗಿದಿರಲಿಲ್ಲ.

ಮನೆಗೆ ಬಂದವನಿಗೆ ಚಹಾದ ಕಪ್ಪು ಹಿಡಿಯಲು ಬರಲಿಲ್ಲ. ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆರಳನ್ನು ಆ ಕಡೆ ಈ ಕಡೆ ಅಲುಗಿಸಿ ನೋಡಿ, ಬುಡದ ಕೀಲಿನ ಕಟ್ಟು ಹರಿದಿದೆ, ಪ್ಲಾಸ್ಟರ್ ಹಾಕಬೇಕು ಎಂದರು.

"ಹೆಂಗಾತಿದು?"

"ಸನ್ಮಾನ ಆತ್ರಿ."

"ಚಾಷ್ಟಿ ಬ್ಯಾಡಪಾ. ಗಾಡಿ ಮ್ಯಾಲಿಂದ ಬಿದ್ದಿಯೇನು?"

ಅವನು ಪ್ಲಾಸ್ಟರ್ ಹಾಕಿಸಿಕೊಳ್ಳಲಿಲ್ಲ. ಆ ವಾರವೇ ಹೊರಡಬೇಕಿತ್ತು. ದಾರಿಯಲ್ಲಿ ನಾನು ಹೇಳಿದೆ, "ತಮ್ಮಾ, ತಂಡದವರಿಗೆ ಇದ್ದದ್ದು ಇದ್ದಂಗ ಹೇಳಿಬಿಡು." ಅವನು ಅಂದ, "ಹೇಳಿದ್ರ ನನ್ನ ಬದ್ಲಿ ಇನ್ನೊಬ್ಬ ಹೋಗ್ತಾನ್ರಿ ಕಾಕಾ. ಸಣ್ಣಾವ ಇದ್ದಾಗಿಂದ ಇದೊಂದಕ್ಕ ಕಾದೇನಿ. ಮತ್ತ ಇಲ್ಲಿ ಯಾರ ಹೆಸರು ಹೇಳ್ಲಿ? ಸಾಹೇಬ್ರು ಕೈ ಮುರದ್ರು ಅಂತ ಹೇಳಿ ಅವರ ಸಾಲ್ಯಾಗ ಹೆಂಗ ದುಡೀಲಿ? ನೀವೂ ಯಾರ ಮುಂದೂ ಅನಬ್ಯಾಡ್ರಿ." ಅನ್ನುವುದಿಲ್ಲ ಎಂದು ಮಾತು ಕೊಟ್ಟೆ, ಮನೆಗೆ ಬಂದ ಮೇಲೆ ನನ್ನ ಹೆಂಡತಿಯೂ ಕೊಟ್ಟಳು. ಅವಳು ಅರಿಶಿನ ಕಾಸಿ ಹಚ್ಚಿದಳು. ಅವನು ಪಟ್ಟಿ ಸುತ್ತಿಕೊಂಡು ಹೊರಟ. ನಿಲ್ದಾಣದಲ್ಲಿ ಅಧ್ಯಕ್ಷರು ಬಾಜಾಬಜಂತ್ರಿಯೊಂದಿಗೆ ಬಂದು, ಅದೇ ಕೈಯನ್ನು ಹಿಡಿದು ಬಲವಾಗಿ ಕುಲುಕಿದರು.

ಪಂದ್ಯದ ದಿನ ಶಾಲೆಯ ಸಭಾಂಗಣದಲ್ಲಿ ದೊಡ್ಡ ಪರದೆ ಹಾಕಿಸಿದ್ದರು. ಮುಂದೆ ಸೋಫಾದಲ್ಲಿ ಅಧ್ಯಕ್ಷರು, ಹಿಂದೆ ಊರಿನವರು, ನಡುವೆ ಎಲ್ಲೋ ನಾವು. ಆ ಆಟದಲ್ಲಿ ಮೊದಲು ಒಂದು ಗುಂಪಿನವರು ಒಬ್ಬರೊಡನೊಬ್ಬರು ಆಡುತ್ತಾರೆ, ಐದು ಹೊಡೆತ ಮೊದಲು ಹಾಕಿದವನು ಗೆದ್ದಂತೆ. ಜಾಲರಿಯ ಮುಖವಾಡದೊಳಗೆ ಅವನೇ ಎಂದು ಗುರುತು ಹಿಡಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ನಿಂತ ಭಂಗಿಯಿಂದ ನನ್ನ ಹೆಂಡತಿಯೇ ಗುರುತಿಸಿದಳು. ಮೊದಲ ಹೊಡೆತ ಅವನದೇ. ಬೆರಳು ಅಲುಗಿದ್ದು ಕಾಣಲಿಲ್ಲ, ದೀಪ ಹತ್ತಿತು. ಸಭಾಂಗಣ ಎದ್ದು ಕುಣಿಯಿತು. ನನಗೂ ಒಂದು ಕ್ಷಣ ಡಾಕ್ಟರು ಸುಳ್ಳು ಹೇಳಿದ್ದರೇನೋ ಅನ್ನಿಸಿತು...

ಮುಂದಿನ ಸಲ ಎದುರಾಳಿ ತನ್ನ ಕತ್ತಿಯಿಂದ ಅವನ ಕತ್ತಿಯನ್ನು ಒಮ್ಮೆ ಬಡಿದ, ಅಷ್ಟೇ. ಇವನ ಕೈಯಿಂದ ಸೇಬರ್ ಜಾರಿ ನೆಲಕ್ಕೆ ಬಿತ್ತು. ಆಟ ನಿಂತಿತು. ಅವನು ಬಗ್ಗಿ, ಎಡಗೈಯಿಂದ ಅದನ್ನೆತ್ತಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಮೇಲೆ ಕೂರಿಸಿಕೊಂಡ. ಮತ್ತೆ ಬಡಿತ, ಮತ್ತೆ ಬಿತ್ತು. ಆಗ ಸೋಫಾದಿಂದ ದನಿ ಬಂತು.

"ಏ, ಇವಗ ಕತ್ತಿ ಹಿಡ್ಯಾಕ ಬರೂದಿಲ್ಲೇನ್ಲೇ! ನಾವು ಅಂಥಾ ತಲವಾರ ಕೊಟ್ವಿ!"

ಸಭೆ ನಕ್ಕಿತು. ನನ್ನ ಪಕ್ಕದ ಕುರ್ಚಿ ಹಿಂದಕ್ಕೆ ಸರಿದದ್ದು ಕೇಳಿಸಿತು. ನನ್ನ ಹೆಂಡತಿ ಎದ್ದು ನಿಂತಿದ್ದಳು.

"ಹಿಡ್ಯಾಕ ಬರತಿತ್ತರಿ! ನಿಮ್ಮ ಸನ್ಮಾನದಾಗ ನೀವ ಅವನ ಹೆಬ್ಬೆರಳು ಮುರದೀರಿ. ಬೇಕಾದ್ರ ಡಾಕ್ಟರ್ನ ಕೇಳ್ರಿ!"

ಕೊಟ್ಟ ಮಾತು ಮುರಿದಳು. ಅದಕ್ಕಾಗಿ ಅವಳ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ನಗುತ್ತಿದ್ದವರೆಲ್ಲ ಅಧ್ಯಕ್ಷರ ಕಡೆ ನೋಡಿದರು. ಈಗ ಸತ್ಯ ಹೊರಬಿತ್ತು, ಇನ್ನು ತಲೆ ತಗ್ಗಿಸುತ್ತಾರೆ ಎಂದು ನಾನು ತಿಳಿದೆ. ನಲವತ್ತು ವರ್ಷ ಕೋರ್ಟಿನಲ್ಲಿ ಕೂತರೂ ನನಗೆ ಬುದ್ಧಿ ಬಂದಿರಲಿಲ್ಲ. ಅಧ್ಯಕ್ಷರು ಕುತ್ತಿಗೆ ಹೊರಳಿಸಿ, ನಿಜವಾಗಿಯೂ ಕನಿಕರದಿಂದ, ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು.

"ಅಕ್ಕಾರ, ಸನ್ಮಾನ ಮಾಡಿದ್ರ ಯಾರರ ಕೈ ಮುರೀತಾವನ್ರಿ? ಹಂಗಿದ್ರ ಇಷ್ಟೊತ್ತಿಗೆ ನನ್ನ ಮೈಯಾನ ಎಲುಬೆಲ್ಲಾ ಪುಡಿ ಆಗಬೇಕಿತ್ತಲ್ಲ!"

ಸಭೆ ಮೊದಲಿಗಿಂತ ಜೋರಾಗಿ ನಕ್ಕಿತು. ಅವಳು ನಿಂತೇ ಇದ್ದಳು. ಪರದೆಯ ಮೇಲೆ ಅವನು ಸೋಲುತ್ತಲೇ ಇದ್ದ.

ಎಷ್ಟೋ ಖಟ್ಲೆಗಳು ಸಾಕ್ಷಿಯಿಲ್ಲದೆ ಬಿದ್ದುಹೋದದ್ದನ್ನು ಕಂಡವನು ನಾನು. ಇಲ್ಲಿ ಸಭೆ ತುಂಬ ಸಾಕ್ಷಿಗಳಿದ್ದರು. ಸಾಲದ್ದಕ್ಕೆ ಫೋಟೋ ಇತ್ತು. ಅಪರಾಧ ನಡೆಯುತ್ತಿರುವ ಕ್ಷಣದ ಫೋಟೋವನ್ನು ಅಪರಾಧಿಯೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ತನ್ನ ಕಚೇರಿಯ ಗೋಡೆಗೆ ತೂಗುಹಾಕಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅದರಲ್ಲಿ ಹನ್ನೊಂದು ಕೈಗಳ ಕೆಳಗೆ ಒಂದು ಹೆಬ್ಬೆರಳು ಹಿಂದಕ್ಕೆ ಬಾಗಿರುವುದು ಕಣ್ಣಿದ್ದವರಿಗೆ ಕಾಣುತ್ತದೆ. ನೋಡಿದವರೆಲ್ಲ ಅಧ್ಯಕ್ಷರ ಮುಖ ಚೆನ್ನಾಗಿ ಬಂದಿದೆ ಎನ್ನುತ್ತಾರೆ.

ಅವನು ತಿರುಗಿ ಬಂದಾಗ ನಿಲ್ದಾಣದಲ್ಲಿ ನಾನೊಬ್ಬನೇ ಇದ್ದೆ. ಆಗಲೇ ಊರು ತೀರ್ಪು ಬರೆದು ಮುಗಿಸಿತ್ತು: ಸನ್ಮಾನ ಹುಡುಗನ ತಲೆಗೇರಿತು. ಚಹಾದಂಗಡಿಯಲ್ಲಿ ಅದೇ ಮಾತು, ಕಿರಾಣಿ ಅಂಗಡಿಯಲ್ಲಿ ಅದೇ ಮಾತು. ತಲೆಗಲ್ಲ, ಕೈಗೆ ಎಂದು ನಾನು ಸಿಕ್ಕವರಿಗೆಲ್ಲ ಹೇಳಿದೆ. "ನಿಮ್ಮ ಬಾಡಿಗಿಯವ ಅಲ್ಲರಿ, ನೀವು ಹಂಗ ಅನ್ನಬೇಕಾದ್ದ" ಎಂದರು. ವರ್ಷದ ಕೊನೆಗೆ ಶಾಲೆಯವರು ಅವನ ಗುತ್ತಿಗೆ ಮುಂದುವರಿಸಲಿಲ್ಲ. ಸಂಸ್ಥೆಯ ಹೆಸರಿಗೆ ಕುಂದು ಬಂತಂತೆ. ಕುಂದು! ಒಬ್ಬನ ಬದುಕಿನ ಒಂದೇ ಒಂದು ಅವಕಾಶವನ್ನು ಹಾರ ಹಾಕಿ, ರುಮಾಲು ಸುತ್ತಿ, ಬಾಜಾ ಬಾರಿಸಿ ಮುರಿದು ಹಾಕಿದವರಿಗೆ ಕುಂದು ಬಂತು! ವೈರಿಯಾದರೆ ಮುರಿದಾದ ಮೇಲೆ ಮುರಿದೆ ಎಂದಾದರೂ ಒಪ್ಪುತ್ತಾನೆ. ಇವರು ಇವತ್ತಿಗೂ ಅವನು ತಮಗೆ ಋಣಿ ಎಂದೇ ನಂಬಿದ್ದಾರೆ.

ಖೋಲಿ ಬಿಡುವ ದಿನ ಅವನು ಟೈರು ಬಿಚ್ಚಿ ಕೆಳಗಿಟ್ಟ. ಮೂರೂ ತಲವಾರುಗಳನ್ನು ನಮ್ಮ ಅಟ್ಟಕ್ಕೆ ಹಾಕಿ, "ಇವನ್ನ ಏನರ ಮಾಡ್ರಿ" ಎಂದ. ಏನು ಮಾಡುವುದು? ಹುಣಸೆಕಾಯಿ ಬಡಿಯಲೂ ಬಾರದ ವಸ್ತುಗಳು. ನನ್ನ ಹೆಂಡತಿ, ಮಾತು ಮುರಿದದ್ದಕ್ಕೆ ಬೈಯುತ್ತಾನೇನೋ ಎಂದು ಬಾಗಿಲ ಹಿಂದೆ ನಿಂತಿದ್ದಳು. ಅವನು ಒಳಗೆ ಹೋಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಆ ಮೇಲೆ ಖೋಲಿಗೆ ಯಾರ್ಯಾರೋ ಬಂದರು, ಹೋದರು... ಸಂಜೆ ಮಾಳಿಗೆಯಿಂದ ಆ ಟೈರಿನ ಸದ್ದು ಮಾತ್ರ ಮತ್ತೆ ಕೇಳಲಿಲ್ಲ.

ನನ್ನ ಸನ್ಮಾನದ ಮರುದಿನ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಊರ ಹೊರಗೆ ಅಣ್ಣನ ದ್ರಾಕ್ಷಿ ತೋಟದಲ್ಲಿ ಇದ್ದಾನೆಂದು ಹೇಳಿದರು. ಚಾಟ್ನಿ ನಡೆದಿತ್ತು. ಬಳ್ಳಿ ಕತ್ತರಿಸುವ ಕೆಲಸಕ್ಕೆ ಅಲ್ಲಿ ಹಾಗೇ ಅನ್ನುತ್ತಾರೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ "ಕಾಕಾ!" ಎಂದು ಸಾಲಿನಿಂದ ಹೊರಗೆ ಬಂದ. ಕಾಕು ಹೇಗಿದ್ದಾರೆಂದು ಕೇಳಿದ. ತೀರಿಕೊಂಡು ಎರಡು ವರ್ಷವಾಯಿತು ಎಂದೆ. ಅವನು ಬಳ್ಳಿಯ ತಂತಿ ಹಿಡಿದುಕೊಂಡ. "ಅಷ್ಟೂ ಮಂದ್ಯಾಗ ಅವರೊಬ್ಬರ ಎದ್ದು ನಿಂತಿದ್ರು" ಎಂದ.

ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ.

"ಬರೀರಿ ಕಾಕಾ. ಯಾರು ನಂಬ್ತಾರ?"

ಅವನು ಸಾಲಿಗೆ ಹಿಂದಿರುಗಿದ. ಕತ್ತರಿಯನ್ನು ಎಡಗೈಯಲ್ಲಿ ಹಿಡಿದಿದ್ದ.