ಶಂಭುಲಿಂಗಪ್ಪನ ಕನ್ನಡಕ ಮತ್ತು ಹದಿನೇಳನೆಯ ಭಜನೆ

ಹಿಂದಿನ ಋಷಿಗಳು ಕಣ್ಣು ಮುಚ್ಚಿಕೊಂಡು ಇಂದ್ರಿಯಗಳನ್ನು ಗೆದ್ದರಂತೆ. ಅದೇನು ದೊಡ್ಡ ಮಾತಲ್ಲ. ಮಿಶ್ರಿಕೋಟಿ ಬಸ್‌ಸ್ಟ್ಯಾಂಡಿನ ಬಾಜು ಮೊಬೈಲ್ ಅಂಗಡಿ ಇಟ್ಟಿರುವ ಶಂಭುಲಿಂಗಪ್ಪ ಕಣ್ಣು ತೆರೆದಿಟ್ಟುಕೊಂಡೇ ಏನನ್ನೂ ನೋಡದವನು. ಗಿರಾಕಿಯ ಮೊಬೈಲು ಕೈಗೆ ಬಂತೆಂದರೆ ಅವನು ಮೊದಲು ತನ್ನ ದಪ್ಪ ಗಾಜಿನ ಕನ್ನಡಕ ತೆಗೆದು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ. ಆಮೇಲೆಯೇ ಕಂಪ್ಯೂಟರಿಗೆ ವೈರು ಚುಚ್ಚುತ್ತಿದ್ದುದು. ಮೂಗು ಪರದೆಗೆ ತಾಗುವಷ್ಟು ಬಾಗಿ, ಹಾಡು, ಸಿನಿಮಾ ತುಂಬಿ, ಫೋಟೋ ಇಳಿಸಿ, ಮೊಬೈಲನ್ನು ಗಿರಾಕಿಯ ಕೈಗಿತ್ತ ಮೇಲೆ ಕನ್ನಡಕ ಮತ್ತೆ ಮೂಗಿಗೇರುತ್ತಿತ್ತು.

ಕನ್ನಡಕವಿಲ್ಲದ ಶಂಭುಲಿಂಗಪ್ಪನ ದೃಷ್ಟಿ ಎಂಥದೆಂದು ಊರಿಗೆಲ್ಲ ಗೊತ್ತಿತ್ತು. ಒಮ್ಮೆ ಹುಬ್ಬಳ್ಳಿ ಬಸ್ಸೆಂದು ಹತ್ತಿ ಕಲಘಟಗಿಯಲ್ಲಿ ಇಳಿದಿದ್ದ. ಇನ್ನೊಮ್ಮೆ ರಸ್ತೆಯಾಚೆ ಕಟ್ಟಿದ್ದ ಎತ್ತಿಗೆ "ಆರಾಮ ಅದೀರೇನ್ರಿ ಗೌಡ್ರ" ಎಂದು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಂತಿದ್ದ. ಅಂಥವನು ಕನ್ನಡಕ ತೆಗೆದು ಕೂಡುತ್ತಾನೆಂದರೆ ಅದು ವ್ರತವಲ್ಲದೆ ಮತ್ತೇನು? ಎದುರಿನ ಚಾದಂಗಡಿಯ ರಸೂಲಸಾಬ ಇದಕ್ಕೆ ಒಂದು ಪ್ರತಿಜ್ಞೆಯನ್ನೂ ಸೇರಿಸಿದ. "ಮಂದಿ ಮನಿ ಹೆಣ್ಮಕ್ಕಳ ಫೋಟೋ ನೋಡೂದಿಲ್ಲಂತ ಕರೆಂಟ್ ಮುಟ್ಟಿ ಆಣಿ ಮಾಡ್ಯಾನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಎರಡು ವರ್ಷದಲ್ಲಿ ಆ ಆಣೆಯನ್ನು ಕಣ್ಣಾರೆ ಕಂಡವರು ಆರು ಜನರಾದರು. ಗಂಡನ ಕೈಗೂ ಮೊಬೈಲು ಕೊಡದ ಹೆಂಗಸರು ಶಂಭುಲಿಂಗಪ್ಪನ ಮುಂದೆ ಲಾಕು ತೆಗೆದಿಟ್ಟು ಸಂತೆಗೆ ಹೋಗುತ್ತಿದ್ದರು.

ನಮ್ಮ ಕಡೆ ಹಳೆಯದನ್ನು ಯಾರೂ ಅಳಿಸುವುದಿಲ್ಲ. ಮೊಬೈಲು ತುಂಬಿತೆಂದರೆ ಎಲ್ಲವನ್ನೂ ಶಂಭುಲಿಂಗಪ್ಪನ ಕಂಪ್ಯೂಟರಿಗೆ ಸುರಿದು, "ಇರ್ಲಿ, ಮುಂದ ಬೇಕಾದೀತು" ಎಂದು ಎದ್ದುಹೋಗುವುದು ರೂಢಿ. ಹೀಗೆ ಊರಿನ ಗುಟ್ಟೆಲ್ಲ ಅಲ್ಲಿ ಬಂದು ಬಿದ್ದಿತ್ತು. ಕಾಲೇಜು ಹುಡುಗರು ಕೈಯಾಡಿಸಬಾರದೆಂದು ಶಂಭುಲಿಂಗಪ್ಪ ಅದಕ್ಕೊಂದು ಉಪಾಯ ಮಾಡಿದ್ದ. ಯಾರ ಹೆಸರೂ ಹಾಕದೆ, ಭಜನೆ ಒಂದು, ಭಜನೆ ಎರಡು ಎಂದು ನಲವತ್ತರವರೆಗೆ ಫೋಲ್ಡರು ಮಾಡಿ, ನಂಬರಿನ ಚೀಟಿಯನ್ನು ಆಯಾ ಮೊಬೈಲಿನ ಕವರಿನೊಳಗೆ ಸಿಕ್ಕಿಸಿ ಕೊಡುತ್ತಿದ್ದ. ನಲವತ್ತೊಂದರಲ್ಲಿ ಮಾತ್ರ ನಿಜವಾದ ಭಜನೆಗಳಿದ್ದವು, ಚೀಟಿ ಇದ್ದವರಿಗೆಲ್ಲ ಅದು ತಿಳಿದಿತ್ತು.

ಹದಿನೇಳು ಮಹಾದೇವಕ್ಕನದು. ಆಕೆಯ ಮೊಬೈಲು ಯಾರನ್ನೂ ಕೇಳದೆ ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡಿಕೊಳ್ಳುವಂಥದು. ಮಗಳು ನಂದಾಳಿಗೆ ಗಂಡು ನೋಡಲು ಹೋಗಿ ಬಂದ ದಿನ ಆಕೆ ಕುಂದಗೋಳದ ತಂಗಿಯ ಜೊತೆ ಒಂದೂವರೆ ತಾಸು ಮಾತಾಡಿದ್ದಳು. ಗಂಡಿನ ತಾಯಿ ಉಪ್ಪಿಟ್ಟಿಗೆ ಹಾಕಿದ ಗೋಡಂಬಿ ಒಂದೇ ಆಗಿದ್ದು, ಅದೂ ಆ ತಾಯಿಯ ತಾಟಿಗೇ ಹೋಗಿದ್ದು, ಎಲ್ಲವೂ ಅದರಲ್ಲಿತ್ತು. ಗಂಡಿನ ಸೋದರಮಾವನ ಬಗ್ಗೆ, "ಮೊದಲ ಹೊಟ್ಟಿ ಒಳಗ ಬಂತು, ಭಾಳ ಹೊತ್ತಿನ ಮ್ಯಾಲ ಹವಾಲ್ದಾರ ಬಂದ" ಎಂಬ ವರ್ಣನೆಯೂ ಇತ್ತು. ಆಮೇಲೆ ಹುಡುಗ ನಂದಾಳಿಗೆ ಒಪ್ಪಿಗೆಯಾದ. ಮದುವೆಯ ನಿಶ್ಚಯಕ್ಕೆ ಒಂದು ಸೋಮವಾರ ಗೊತ್ತುಮಾಡಿದರು.

ಅಷ್ಟರಲ್ಲಿ ಶುಕ್ರವಾರ ಬಿಡುಗಡೆಯಾದ ಒಂದು ಸಿನಿಮಾ ಭಾನುವಾರಕ್ಕೆ ಸುತ್ತಲಿನ ಟ್ರ್ಯಾಕ್ಟರುಗಳ ಪೆನ್‌ಡ್ರೈವಿನೊಳಗೆಲ್ಲ ಬಂದು ಕೂತಿತು. ಕಂಪನಿಯವರು ದೂರು ಕೊಟ್ಟರು. ಮಂಗಳವಾರ ಹನ್ನೊಂದಕ್ಕೆ ಶಂಭುಲಿಂಗಪ್ಪನ ಅಂಗಡಿ ಮುಂದೆ ಜೀಪು ನಿಂತಿತು. ಮೊದಲು ಹೊಟ್ಟೆ ಇಳಿಯಿತು, ಹಿಂದೆಯೇ ಹವಾಲ್ದಾರ ಸಂಗನಬಸವ. ಗಂಡಿನ ಸೋದರಮಾವ ಅವನೇ.

ಊರಿಗೆ ನಿಂತಲ್ಲಿ ನಿಲ್ಲಲಾಗದಂತಾಯಿತು. ಕಂಪ್ಯೂಟರು ಠಾಣೆಗೆ ಹೋದರೆ ಯಾರ್‍ಯಾರ ಏನೇನು ಹೋಗುತ್ತದೆಂದು ಒಬ್ಬೊಬ್ಬರಿಗೂ ಒಂದೇ ಸಲಕ್ಕೆ ನೆನಪಾಯಿತು. ಪಂಢರಿನಾಥ ಮಾಸ್ತರರು ಅಂಗಡಿಯ ಮುಂದೆ ಏಳು ಸಲ ಹಾದುಹೋದರು, ಪ್ರತಿಸಲ ಬೇರೆ ಬೇರೆ ಕೆಲಸಕ್ಕೆ. ಮಹಾದೇವಕ್ಕ ಓಡಿಬಂದು ಚಾದಂಗಡಿಯ ಮರದ ಬಾಕಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು.

"ರಸೂಲಣ್ಣ, ಆ ಕಂಬದ ಫ್ಯೂಜ್ ಕಿತ್ತಬಿಡೋ."

"ಕಿತ್ತರ ಕಂಪ್ಯೂಟರ್ ಡಬ್ಬೀನ ಎತ್ಕೊಂಡ ಒಯ್ತಾರ್ರಿ ಅಕ್ಕಾರ. ಕುಂದರ್ರಿ, ಚಾ ಕುಡೀರಿ."

"ಚಾ ಒಯ್ದ ನಿನ್ನ ಗಡ್ಡಕ್ಕ ಹಾಕ್ಕೋ. ನನ್ನ ಮಗಳ ನಿಶ್ಚೆ ಐತಿ."

ಒಳಗೆ ಶಂಭುಲಿಂಗಪ್ಪ ರೂಢಿಯಂತೆ ಕನ್ನಡಕ ತೆಗೆದು ಮೊಳೆಗೆ ಹಾಕಿ ಕೂತ. ಅವನಲ್ಲಿದ್ದ ಅರವತ್ತು ಚಿಲ್ಲರೆ ಸಿನಿಮಾಗಳನ್ನು ಹವಾಲ್ದಾರ ನಿಂತು ಅಳಿಸಿಸಿದ, ಇನ್ನು ಮುಂದೆ ಯಾರಿಗೂ ತುಂಬಿ ಕೊಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡ. ಕಂಪ್ಯೂಟರು ಒಯ್ಯುವ ಮಾತು ಬರಲಿಲ್ಲ. ಹೊರಗೆ ಊರೆಲ್ಲ ಉಸಿರು ಬಿಡುವಷ್ಟರಲ್ಲಿ ಹವಾಲ್ದಾರನ ಕಣ್ಣು ಪರದೆಯ ಮೇಲೆ ಬಿತ್ತು.

"ಏನೋ ಇದು, ಇಷ್ಟು ಭಜನಿ?"

ಹವಾಲ್ದಾರ ತನ್ನೂರಿನ ಭಜನಾ ಮೇಳದಲ್ಲಿ ತಾಳ ಬಾರಿಸುವವನು. ಕಾಲೇಜು ಹುಡುಗರು ತಿರುಗಿಯೂ ನೋಡದ ಹೆಸರು ಅವನ ಕಿಸೆಯಿಂದ ಪೆನ್‌ಡ್ರೈವನ್ನೇ ಹೊರತೆಗೆಸಿತು.

"ಹದಿನೇಳನೇದು ಎಲ್ಲಾದಕಿಂತ ದೊಡ್ಡದು ಕಾಣತೈತಿ. ಅದನ್ನ ಹಾಕು."

ಬಾಗಿಲಾಚೆ ಬಂದು ನಿಂತಿದ್ದ ಮಹಾದೇವಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು.

"ಅದು ಬ್ಯಾಡ್ರಿ ಸಾಹೇಬ್ರ," ಎಂದ ಶಂಭುಲಿಂಗಪ್ಪ. "ಅದ್ರಾಗ ತಾಳ ಸುದ್ದ ಇಲ್ಲ."

"ತಾಳ ನಾ ಹಾಕ್ಕೊಂತೀನಿ. ನೀ ಹಾಕು."

ಶಂಭುಲಿಂಗಪ್ಪ ಪರದೆಗೆ ಮೂಗು ಹಚ್ಚಿ ಏನೋ ಒತ್ತಿದ. ಪೆನ್‌ಡ್ರೈವು ಕಿಸೆಗೆ ಹೋಯಿತು, ಜೀಪು ಹೊರಟಿತು.

ಮುಂದಿನ ಮೂರು ದಿನ ಮಹಾದೇವಕ್ಕ ಕೂತಲ್ಲಿ ಕೂಡಲಿಲ್ಲ. ಎರಡು ಸಲ ಅನ್ನ ಸೀಯಿತು. ಮೊಬೈಲು ಗುಂಯ್ ಎಂದರೆ ನಂದಾಳ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದಳು. ಶಂಭುಲಿಂಗಪ್ಪನನ್ನು ಕೇಳೋಣವೆಂದರೆ, ಕನ್ನಡಕವಿಲ್ಲದೆ ಯಾವುದನ್ನು ಒತ್ತಿದನೋ ಅವನಿಗಾದರೂ ಏನು ಗೊತ್ತು ಎಂದು ಸುಮ್ಮನಾಗುತ್ತಿದ್ದಳು. ಶುಕ್ರವಾರ ಗಂಡಿನ ತಾಯಿಯೇ ಫೋನು ಮಾಡಿದಳು. ನಂದಾ ಬಲವಂತದಿಂದ ತಾಯಿಯ ಕಿವಿಗೆ ಹಿಡಿದಳು.

"ಏನ್ ಭಜನಿ ಕೊಟ್ಟಾರ್ರಿ ನಿಮ್ಮೂರಾಗ. ನಮ್ಮಣ್ಣ ಮೂರು ದಿನ ಆತು ಬಂದ್ ಮಾಡವಲ್ಲ. ಸೋಮವಾರ ಲಗೂ ಬರ್ತೀವ್ರಿ."

ಊರು ಇದನ್ನು ಪವಾಡವೆಂದು ತೀರ್ಮಾನಿಸಿತು. ಕಾಣದ ಕಣ್ಣಿಗೆ ಶಿವನೇ ದಾರಿ ತೋರಿಸಿದ ಎಂದು ರಸೂಲಸಾಬನೇ ಎಲ್ಲರಿಗಿಂತ ಮೊದಲು ಸಾರಿದ. ಹವಾಲ್ದಾರ ಎದುರಿಗೆ ನಿಂತಿದ್ದನೆಂಬುದು ಸಂಜೆಯ ಹೊತ್ತಿಗೆ ಪಿಸ್ತೂಲು ಹಿಡಿದು ನಿಂತಿದ್ದನೆಂದಾಯಿತು. ಮಹಾದೇವಕ್ಕ ಡಬ್ಬಿ ತುಂಬ ಹೋಳಿಗೆ ತಂದಳು, ಹಿಂದೆ ಊರೇ ಬಂತು. ಏಳು ಸಲ ಹಾದುಹೋಗಿದ್ದ ಮಾಸ್ತರರೂ ಇದ್ದರು. ಶಂಭುಲಿಂಗಪ್ಪ ಯಾರದೋ ಮೊಬೈಲಿಗೆ ವೈರು ಚುಚ್ಚಿ ಕೂತಿದ್ದ, ಕನ್ನಡಕ ಮೊಳೆಯ ಮೇಲಿತ್ತು.

"ತಮ್ಮಾ," ಎಂದಳು ಮಹಾದೇವಕ್ಕ ಡಬ್ಬಿ ಮುಂದಿಟ್ಟು, "ಕನ್ನಡಕ ಇಲ್ಲದ ಹದಿನೇಳು ಬಿಟ್ಟು ನಲವತ್ತೊಂದು ಹೆಂಗ ಒತ್ತಿದ್ಯೋ? ಯಾವ ದೇವ್ರು ಬಂದು ನಿನ್ನ ಕೈ ಹಿಡದಾ?"

ಶಂಭುಲಿಂಗಪ್ಪ ತಲೆ ಎತ್ತಲಿಲ್ಲ.

"ಯಾವ ದೇವ್ರು ಬರಲಿಲ್ರಿ ಅಕ್ಕಾರ. ಅದು ದೂರದ್ದು ನೋಡೂ ಕನ್ನಡಕ. ಹತ್ರದ್ದು ನನಗ ಅದನ್ನ ತಗದ ಮ್ಯಾಲೇ ಚೊಲೋ ಕಾಣತೈತಿ."