ಬೂದಿರಾಯನ ಬಾಯಿಗೆ ಅಕ್ಕನ ಮಾತು

ಬೂದಿರಾಯನ ಬಾಯಿಗೆ ನಮ್ಮ ಕಡೆಯ ಮಾತು ಹಾಕಿದವನು ನಾನು. ನೀವು ಇಷ್ಟು ದಿನ ಹುಡುಕುತ್ತಿರುವ, ಸಿಕ್ಕರೆ ಚಪ್ಪಲಿ ಸೇವೆ ಮಾಡುತ್ತೇವೆ ಎಂದು ಬರೆದುಕೊಂಡಿರುವ ಆ ಮನುಷ್ಯ ಬೆಂಗಳೂರಿನವನಲ್ಲ, ಮೈಸೂರಿನವನಲ್ಲ. ಕೊಪ್ಪಳಕ್ಕೆ ಹತ್ತಿಕೊಂಡಿರುವ ಭಾಗ್ಯನಗರದ ಬಾಡಿಗೆ ಮನೆಯಲ್ಲಿ, ಅಕ್ಕ ಕಳಿಸಿದ ಶೇಂಗಾ ಚಟ್ನಿ ತಿನ್ನುತ್ತ ಕೂತು ನಾನೇ ಬರೆದೆ. ನಿಮ್ಮ ನಡುವೆಯೇ ಇದ್ದೆ. ನಿಮ್ಮ ಜೊತೆ ನಾನೂ ಬೈದೆ — ನಿಮಗಿಂತ ಜೋರಾಗಿ ಬೈದೆ.

ಗಗನಧೀರ ಬಳಗದವರಿಗೆ ನಾನು ಬರೀ 'ಸರ್'. ಕೊಪ್ಪಳದ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ ಎಂದಷ್ಟೇ ನಿಮಗೆ ಗೊತ್ತು. ಬಿಡುವಿನಲ್ಲಿ ಡಬ್ಬಿಂಗ್ ಧಾರಾವಾಹಿಗಳಿಗೆ ಮಾತು ಬರೆಯುತ್ತೇನೆ ಎಂಬುದನ್ನು ಹೇಳಿರಲಿಲ್ಲ. ನೀವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹುಡುಗ ಹುಡುಗಿಯರು ಸೇರಿ ಫೋನಿನಲ್ಲಿ ಆ ಬಳಗ ಕಟ್ಟಿಕೊಂಡಿರಿ — ಆಕಾಶದಲ್ಲಿ ಹಾರಿ ಜನರನ್ನು ಕಾಯುವ ಗಗನಧೀರ ಎಂಬ ಧಾರಾವಾಹಿಯ ವೀರನ ಮೇಲಿನ ಪ್ರೀತಿಗೆ. ನಾನು ಸೇರಿಕೊಂಡದ್ದು ಪ್ರೀತಿಗಲ್ಲ. ನನ್ನ ಮಾತಿಗೆ ನೀವು ಏನನ್ನುತ್ತೀರಿ ಎಂದು ಕದ್ದು ಕೇಳುವುದಕ್ಕೆ. ಹೊಗಳಿಕೆಯ ಹಸಿವು. ಬೇರೆ ಹೆಸರು ಅದಕ್ಕಿಲ್ಲ.

ಒಂದು ದಿನ ಬೆಂಗಳೂರಿನ ಸ್ಟುಡಿಯೋದಿಂದ ಫೋನು ಬಂತು. "ಸರ್, ವಿಲನ್ನು ಬೂದಿರಾಯ ತುಂಬಾ ಸಪ್ಪೆ ಆಗ್ತಿದಾನೆ. ಅವನಿಗೆ ನಿಮ್ ಕಡೆ ಭಾಷೆ ಹಾಕಿ ಸರ್. ಖಡಕ್ಕಾಗಿರ್ಲಿ. ಜನ ಹೆದರ್ಬೇಕು, ಸ್ವಲ್ಪ ನಗಲೂಬೇಕು."

ನನಗೆ ಸಿಟ್ಟು ಬರಬೇಕಿತ್ತು. ಯಾಕಪ್ಪಾ, ನಮ್ಮ ಭಾಷೆ ಅಂದರೆ ನಿನಗೆ ಕೊಲೆಗಡುಕರದ್ದು, ಇಲ್ಲಾ ಕೋಡಂಗಿಗಳದ್ದು ಅಂತ ಅನ್ನಿಸಿದೆಯಾ ಎಂದು ಕೇಳಬೇಕಿತ್ತು. ಬಂದದ್ದು ಖುಷಿ. ಕೊನೆಗೂ ನನ್ನ ಊರ ಮಾತಿಗೆ ಟೀವಿಯಲ್ಲಿ ಜಾಗ ಸಿಕ್ಕಿತು ಎಂದು ಬೀಗಿದೆ — ಎಂಥ ಜಾಗ ಎಂದು ನೋಡಲಿಲ್ಲ. ಗಗನಧೀರನಿಗೆ ಪುಸ್ತಕದ ಕನ್ನಡ ಬರೆದವನೂ ನಾನೇ. ಒಳ್ಳೆಯವನ ಬಾಯಿಗೆ ಅದು, ಕೆಟ್ಟವನ ಬಾಯಿಗೆ ಇದು. ಹಂಚಿಕೆ ಮಾಡುವಾಗ ಒಂದು ಸಲವೂ ಹಿಂದೆಮುಂದೆ ನೋಡಲಿಲ್ಲ.

ನಿಮಗೆ ಆ ದೃಶ್ಯ ಬಾಯಿಪಾಠ. ಮನೆಗೆ ಬಂದವನು ಹೊರಡಲು ಏಳುತ್ತಾನೆ. ಬೂದಿರಾಯ ನಗುತ್ತಲೇ ಬಾಗಿಲು ಹಾಕುತ್ತಾನೆ, ಒಂದು ಮಾತು ಹೇಳುತ್ತಾನೆ, ಹೆಗಲು ಮುಟ್ಟುತ್ತಾನೆ — ಬಂದವನು ಬೂದಿ. ಮೂಲದಲ್ಲಿ ಬೂದಿರಾಯ ಹೇಳುವುದು "ಇಷ್ಟು ಬೇಗ ಹೊರಟೆಯಾ" ಎನ್ನುವಂಥ ಏನೋ ಒಂದು. ಆದರೆ ತುಟಿ ಹೆಚ್ಚು ಹೊತ್ತು ಆಡುತ್ತದೆ. ಡಬ್ಬಿಂಗಿನಲ್ಲಿ ಮಾತು ತುಟಿಗೆ ಕೂರಬೇಕು, ಇಲ್ಲದಿದ್ದರೆ ಕೆಲಸವೇ ಕೆಟ್ಟಂತೆ. ಏನೇನೋ ಬರೆದೆ, ಅಳಿಸಿದೆ, ಯಾವುದೂ ಕೂರಲಿಲ್ಲ. ಆಮೇಲೆ ಒಂದು ಮಾತು ತಾನಾಗಿಯೇ ಬಂತು. ಅಳೆದು ಹೊಲಿದ ಅಂಗಿಯಂತೆ ಕೂತಿತು.

"ಹಸದ ಹೊಟ್ಟಿಲೆ ನನ್ನ ಹೊಸ್ತಿಲಾ ದಾಟಬ್ಯಾಡೋ ತಮ್ಮಾ."

ತಾನಾಗಿಯೇ ಬಂತು — ಸುಳ್ಳು. ಇಲ್ಲಿಯೂ ಸುಳ್ಳು ಹೇಳುತ್ತಿದ್ದೇನೆ ನೋಡಿ. ಅದು ನನ್ನ ಅಕ್ಕನ ಮಾತು. ಎಲ್ಲಿಂದ ಎತ್ತುತ್ತಿದ್ದೇನೆ ಎಂದು ಗೊತ್ತಿದ್ದೇ ಎತ್ತಿದೆ.

ಅಕ್ಕ, ಪಾರವ್ವ, ಕುಕನೂರಿನ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತಾಳೆ. ರೊಟ್ಟಿ, ಪಲ್ಯ, ಬ್ಯಾಳಿ, ಮಜ್ಜಿಗೆ. ನೀವೆಲ್ಲ ಉಂಡಿದ್ದೀರಿ. ಬಸ್ಸು ಬಂತೆಂದು ಅರ್ಧಕ್ಕೆ ಏಳುವವರನ್ನೂ, ಕೈಯಲ್ಲಿ ದುಡ್ಡಿಲ್ಲವೆಂದು ಬಾಗಿಲಿನಿಂದಲೇ ತಿರುಗುವವರನ್ನೂ ಅವಳು ಆ ಮಾತು ಹೇಳಿಯೇ ತಡೆಯುತ್ತಿದ್ದಳು. ಯಾಕೆ ಹಾಗೆ ಹೇಳುತ್ತಿದ್ದಳು ಎಂಬುದು ನಿಮಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು.

ಅವ್ವ ತೀರಿಹೋದ ಮೇಲೆ ಅಡುಗೆ ಅಕ್ಕನ ಪಾಲಿಗೆ ಬಂದಿತ್ತು. ಆಗಿನ್ನೂ ಅವಳು ಲಂಗದ ಹುಡುಗಿ. ಒಂದು ಮಧ್ಯಾಹ್ನ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಅಪ್ಪ ತಾಟು ನೂಕಿ ಎದ್ದ. ಕೂಗಿ ಕರಿ ಅಕ್ಕಾ ಎಂದು ನಾನು ಅತ್ತೆ. ಅವಳಿಗೂ ಸಿಟ್ಟು ಬಂದಿತ್ತು. "ಹೋಗ್ಲಿ ಬಿಡು, ಹಸದ್ರ ತಾನ ಬರ್ತಾನ" ಅಂದಳು. ಅಪ್ಪ ಬರಲಿಲ್ಲ. ರಸ್ತೆ ದಾಟುವಾಗ ಲಾರಿ... ಆ ದಿನದಿಂದ ಯಾರನ್ನೂ ಅವಳು ಹಸಿವಿನಲ್ಲಿ ಹೊರಗೆ ಬಿಟ್ಟವಳಲ್ಲ. ಅದು ಉಪಚಾರದ ಮಾತಾಗಿರಲಿಲ್ಲ, ಅವಳು ತನಗೆ ತಾನೇ ಹಾಕಿಕೊಂಡ ಶಿಕ್ಷೆಯಾಗಿತ್ತು. ಅದನ್ನು ನಾನು ಒಬ್ಬ ಕೊಲೆಗಡುಕನ ತುಟಿಗೆ ಹೊಲಿದೆ.

ಸ್ಟುಡಿಯೋದವನು ಕುಣಿದಾಡಿದ. "ಬೆಂಕಿ ಸರ್, ಬೆಂಕಿ!"

ಬೆಂಕಿಯೇ. ನೀವೂ ಕುಣಿದಿರಿ. ಬಳಗದಲ್ಲಿ ಗಗನಧೀರನನ್ನು ಕೇಳುವವರೇ ಇಲ್ಲದಂತಾಯಿತು. ಬೂದಿರಾಯ ಯಾಕೆ ಕೆಟ್ಟ, ಅವನಿಗೂ ಮನಸ್ಸಿದೆಯೇ, ಗಗನಧೀರನಿಗೂ ಅವನಿಗೂ ಬಿದ್ದರೆ ಯಾರು ಗೆಲ್ಲುತ್ತಾರೆ — ಬೆಳಗಾದರೆ ಇದೇ ಚರ್ಚೆ. ಯಲಬುರ್ಗಾದ ಯಾರೋ ಒಬ್ಬರು ಬರೆದರು: "ಕೊಲ್ಲೂ ಮುಂದ ಊಟದ ಮಾತಾಡ್ತಾನ ಅಂದ್ರ, ಅಂವ ಸಣ್ಣಾವಿದ್ದಾಗ ಹಸದು ಸತ್ತವರನ್ನ ನೋಡಿರಬೇಕು." ಓದಿ ನನಗೆ ಮೈ ಜುಮ್ಮೆಂದಿತು. ಅಲ್ಲಿಗಾದರೂ ನಾಚಿಕೆ ಆಗಬೇಕಿತ್ತು. ಆ ಸಂದೇಶಕ್ಕೆ ಹೆಬ್ಬೆರಳು ಒತ್ತಿ ಮಲಗಿದೆ.

ಆಮೇಲೆ ಕುಷ್ಟಗಿಯ ಫಕೀರಪ್ಪ — ಮೊಬೈಲ್ ಅಂಗಡಿಯವನು, ನಿಮ್ಮೆಲ್ಲರ ನಾಯಕ — ಕುಕನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕನ ಬಾಯಲ್ಲಿ ಆ ಮಾತು ಕೇಳಿದ. ಅವಳು ಯಾರೋ ಮುದುಕನನ್ನು ಕರೆಯುತ್ತಿದ್ದಳು. ಫಕೀರಪ್ಪ ಅದನ್ನು ವೀಡಿಯೊ ಮಾಡಿ, ಬೂದಿರಾಯ ಬರುವಾಗಿನ ಆ ಢಂಢಂ ಸಂಗೀತ ಅಂಟಿಸಿ, 'ಬೂದಿಯವ್ವ' ಎಂದು ಹೆಸರಿಟ್ಟು ಫೋನುಗಳಲ್ಲಿ ಹರಿಬಿಟ್ಟ. ಆ ವಾರವೇ ಖಾನಾವಳಿಯ ಮುಂದೆ ಬೈಕುಗಳ ಸಾಲು. ಗಂಗಾವತಿಯವರು, ಸಾಣಾಪುರದ ಕೆರೆ ನೋಡಲು ಬಂದ ಹೊರಗಿನವರು — ಎಲ್ಲೆಲ್ಲಿಂದಲೋ.

ಅಕ್ಕ ಏನೆಂದುಕೊಂಡಳು ಗೊತ್ತೇ? ತನ್ನ ರೊಟ್ಟಿಯ ರುಚಿಗೆ ಬಂದರು ಎಂದುಕೊಂಡಳು. ಇನ್ನೊಂದು ಒಲೆ ಹೂಡಿದಳು. ಶೇಂಗಾ ಹೋಳಿಗೆ ಮಾಡಿದಳು. ನೀವು ಉಣ್ಣದೆ ಏಳುವ ನಾಟಕ ಮಾಡಿ ಹೊಸ್ತಿಲ ತನಕ ಹೋಗುತ್ತಿದ್ದಿರಿ, ಅವಳು ಸೆರಗು ಸಿಕ್ಕಿಸಿಕೊಂಡು ಓಡಿ ಬಂದು ಹೇಳುತ್ತಿದ್ದಳು, ನೀವು ಫೋನು ಎತ್ತುತ್ತಿದ್ದಿರಿ. ಒಂದು ಭಾನುವಾರ ನಾನೂ ಅಲ್ಲಿದ್ದೆ, ಮೂಲೆಯ ಮೇಜಿನಲ್ಲಿ; ನನ್ನ ಮುಖ ನಿಮಗೆ ಗೊತ್ತಿರಲಿಲ್ಲ. ಅವಳು ಆ ಮಾತು ಹೇಳಿದ್ದೇ ತಡ, ನಿಮ್ಮಲ್ಲೊಬ್ಬ ಬೂದಿಯಾದವನಂತೆ ನೆಲಕ್ಕೆ ಬಿದ್ದು ಕಾಲು ಒದರಿದ. ಖಾನಾವಳಿಗೆ ಖಾನಾವಳಿಯೇ ಕೇಕೆ ಹಾಕಿತು. ಅಕ್ಕ ಗಾಬರಿಯಾಗಿ ನೀರಿನ ತಂಬಿಗೆ ಹಿಡಿದು ಓಡಿದಳು. ಅವನು ಎದ್ದು ಕೂತು ನಕ್ಕ. ಅವಳು ನನ್ನ ಕಡೆ ತಿರುಗಿದಳು.

"ಯಾಕ್ ನಗತಾರೋ ತಮ್ಮಾ ಇವರು?"

ಆಗ ನಾನು ಹೇಳಿದ ಮಾತು ಇದು — ಒಂದಕ್ಷರ ಬಿಡದೆ ಬರೆಯುತ್ತೇನೆ: "ಏನಿಲ್ಲಕ್ಕಾ. ನೀ ಭಾಳ ಛಲೋ ಮಾತಾಡ್ತಿ, ಅದಕ್ಕ ಖುಷಿ ಅವರಿಗೆ."

ಅವಳು ನಂಬಿದಳು. ನಾನು ಓದಿದವನು, ಪಾಠ ಹೇಳುವವನು, 'ನನ್ನ ತಮ್ಮ ಟೀವಿಗೆ ಬರೀತಾನ' ಎಂದು ಅವಳು ನೆರೆಹೊರೆಯವರಿಗೆ ಹೇಳಿಕೊಳ್ಳುತ್ತಿದ್ದವನು. ನಂಬಿ, ಮುಂದಿನ ಹುಡುಗನಿಗೆ ಇನ್ನಷ್ಟು ರಾಗವೆಳೆದು ಹೇಳಿದಳು. ನೀವು ಇನ್ನಷ್ಟು ನಕ್ಕಿರಿ. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ.

ಇದು ಎಷ್ಟು ದಿನ ನಡೆಯಿತೋ — ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಖಾನಾವಳಿಯ ಟೀವಿ ಹಚ್ಚಿದ. ಗಗನಧೀರ ಮರುಪ್ರಸಾರ. ಅಕ್ಕನ ಕೈಯಲ್ಲಿ ತಾಟಿತ್ತು. ಬೂದಿರಾಯ ಬಾಗಿಲು ಹಾಕಿದ, ಆ ಮಾತು ಹೇಳಿದ, ಮುಟ್ಟಿದ. ಅವಳು ತಾಟನ್ನು ಗಿರಾಕಿಯ ಮುಂದಿಟ್ಟು ಒಳಗೆ ಹೋದಳಂತೆ. ಅಷ್ಟೇ, ಆ ದಿನದಿಂದ ಆ ಮಾತು ನಿಂತಿತು. ಈಗ ಯಾರು ಅರ್ಧಕ್ಕೆ ಎದ್ದರೂ ಅವಳು ಒಲೆಯ ಕಡೆ ಮುಖ ತಿರುಗಿಸುತ್ತಾಳೆ. ಒಬ್ಬೊಬ್ಬರು ಹಾಗೆ ಎದ್ದುಹೋದಾಗಲೂ ಅವಳ ಕಣ್ಣ ಮುಂದೆ ಯಾರು ಎದ್ದುಹೋಗುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕೇ?

ಇದಾದ ಮೇಲೆ ನಿಮಗೆ ಸಿಟ್ಟು ಬಂತು, ಅದೂ ತಡವಾಗಿ. ಗಂಗಾವತಿಯ ಸುಮಂಗಲಾ, ಬಿ.ಎಡ್. ಓದುವ ಹುಡುಗಿ, ಬಳಗದಲ್ಲಿ ನೇರವಾಗಿ ಕೇಳಿದಳು: "ಕಾಯಾಂವ ಪುಸ್ತಕದ ಕನ್ನಡ ಮಾತಾಡ್ತಾನ, ಕೊಲ್ಲಾಂವ ನಮ್ಮ ಕನ್ನಡ ಮಾತಾಡ್ತಾನ. ಯಾಕ್ರಿ? ನಾ ಇಂಟರ್‌ವ್ಯೂದಾಗ ಬಾಯಿ ತಗದ್ರ ಬೂದಿರಾಯನ ತಂಗಿ ಅಂತ ನಗತಾರ. ಯಾಂವ ಬರದಾನ ಇದನ್ನ?"

ಅವಳೊಬ್ಬಳ ಸಿಟ್ಟು ಸಾಚಾ ಆಗಿತ್ತು. ಅದನ್ನೂ ನಾನು ಹೊಲಸು ಮಾಡಿದೆ. ಬಳಗದಲ್ಲಿಯೇ ಉದ್ದನೆಯ ಉತ್ತರ ಬರೆದವನು ನಾನು: "ಬರೆದವನು ಬೆಂಗಳೂರಿನ ಏಸಿ ಕೋಣೆಯಲ್ಲಿ ಕೂತವನಿರಬೇಕು. ನಮ್ಮ ನೆಲ ಮೆಟ್ಟದವನು. ನಮ್ಮ ತಾಯಂದಿರ ಬಾಯಿ ಕೇಳದವನು." ಎಷ್ಟು ಚಪ್ಪಾಳೆ ಹಾಕಿದಿರಿ ಅದಕ್ಕೆ! ಕಳ್ಳನೇ 'ಕಳ್ಳ ಕಳ್ಳ' ಎಂದು ಕೂಗಿ ಮುಂದೆ ಓಡಿದ, ಊರೆಲ್ಲ ಅವನ ಹಿಂದೆ ಓಡಿತು.

ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಭಾಷೆಗೆ ಅವಮಾನವಾಯಿತೆಂದು ಎದೆ ಬಡಿದುಕೊಂಡವರ ಫೋನಿನಲ್ಲಿ ಇಂದಿಗೂ ಬೂದಿಯವ್ವನ ವೀಡಿಯೊ ಇದೆ. ಬೆಂಗಳೂರಿನವನು ನಕ್ಕರೆ ಅದು ಅವಮಾನ, ನಾವು ನಕ್ಕರೆ ತಮಾಷೆಯೇ? ಆದರೆ ನಿಮ್ಮನ್ನು ಬೈಯುವ ಬಾಯಿ ಅದನ್ನು ಬರೆದವನದೇ. ನೀವು ತಿಳಿಯದೆ ನಕ್ಕಿರಿ. ನಾನು ಎಲ್ಲ ತಿಳಿದು ಸುಮ್ಮನಿದ್ದೆ. ಲಂಗದ ಹುಡುಗಿ ಒಲೆಯ ಮುಂದೆ ಕೂತು ಅಪ್ಪನ ತಾಟಿಗೆ ಮುಚ್ಚಳ ಮುಚ್ಚಿಟ್ಟದ್ದನ್ನು ನೋಡಿದವನು ನಾನು, ನೀವಲ್ಲ.

ಮೊನ್ನೆ ಸ್ಟುಡಿಯೋದಿಂದ ಮತ್ತೆ ಫೋನು. ಎರಡನೆಯ ಭಾಗ ಬರುತ್ತದಂತೆ. ಬೂದಿರಾಯ ಬೂದಿಯಿಂದ ಎದ್ದು ಬರುತ್ತಾನಂತೆ. "ಆ ಹೊಸ್ತಿಲು ಡೈಲಾಗ್ ಥರದ್ದು ಇನ್ನೊಂದು ಹತ್ತು ಕೊಡಿ ಸರ್." ನನ್ನ ಬಾಯಿಂದ ಹೊರಟ ಬೈಗುಳ ನಮ್ಮ ಕಡೆಯದೇ, ಶುದ್ಧ. ಅದು ಅವನಿಗೆ ಹಿಡಿಸಿತೋ ಏನೋ, ನಕ್ಕುಬಿಟ್ಟ. ಫೋನು ಇಟ್ಟೆ. ಇನ್ನು ಅವರಿಗೆ ಬರೆಯುವುದಿಲ್ಲ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಕದ್ದ ಮನೆಗೆ ಮತ್ತೆ ಕನ್ನ ಹಾಕುವುದಿಲ್ಲ ಅನ್ನುವುದು ಪುಣ್ಯದ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮಿಂದ ಎರಡೇ ಮಾತು ಬೇಡುತ್ತೇನೆ. ಆ ವೀಡಿಯೊಗಳನ್ನು ಅಳಿಸಿ. ಕುಕನೂರಿಗೆ ಹೋದರೆ ಹೊಟ್ಟೆ ತುಂಬ ಉಂಡು ಬನ್ನಿ, ಅಕ್ಕನಿಂದ ಏನನ್ನೂ ಹೇಳಿಸಲು ಹೋಗಬೇಡಿ. ನನ್ನನ್ನು ಬಳಗದಿಂದ ತೆಗೆದು ಹಾಕುವ ಕೆಲಸ ಸುಮಂಗಲಾ ಮಾಡಲಿ. ಆ ಹಕ್ಕು ಅವಳದು.

ನಿಮಗೆ ಹೇಳುವ ಮೊದಲು ಅಕ್ಕನಿಗೆ ಹೇಳಬೇಕಿತ್ತು. ನಿನ್ನೆ ಹೋದೆ. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಮಣೆ ಹಾಕಿಕೊಂಡು ಕೂತು ಎಲ್ಲ ಹೇಳಿದೆ — ಫೋನು, ತುಟಿ, ಆ ಭಾನುವಾರ ನಾನು ಹೇಳಿದ ಸುಳ್ಳು. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ.

"ಗೊತ್ತೈತಿ," ಅಂದಳು. "ಟೀವ್ಯಾಗ ಕೇಳಿದ ದಿನಾನ ಗೊತ್ತಾತು. ನೀನ ಬಂದು ಹೇಳ್ತಿ ಅಂತ ದಾರಿ ನೋಡಿದ್ನಿ."

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದಳು. "ಅದನ್ನ ನಾ ಯಾಕ ಅಂತಿದ್ನಿ ಅನ್ನೂದು ನಿನಗೊಬ್ಬಗ ಗೊತ್ತಿತ್ತಲ್ಲೋ."

ಅಷ್ಟೇ. ನಾನು ಕಾದೆ. ಆಮೇಲೆ ಎದ್ದೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು — ನನ್ನ ಮುಖ ನೋಡಿ ಹಸಿವು ಹೇಳುವವಳು ಅವಳು. ಬಾಗಿಲ ಬಳಿ ಚಪ್ಪಲಿ ಹುಡುಕುವವನಂತೆ ಸುಮ್ಮನೆ ನಿಂತೆ. ಹಿಂದೆ ಹಂಚಿನ ಮೇಲೆ ರೊಟ್ಟಿ ಉಬ್ಬಿ ವಾಸನೆ ಬರುತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಹಿಂದಿನಿಂದ ಬರಲಿ ಎಂದು ಕಿವಿಯಾಗಿ ನಿಂತೆ.

ಅಕ್ಕ ಒಲೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ನಾನು ಹಸಿದ ಹೊಟ್ಟೆಯಲ್ಲೇ ಹೊಸ್ತಿಲು ದಾಟಿದೆ.