ಹಬೆಯಲ್ಲಿ ಉಪ್ಪು

ಕಳೆದ ವರ್ಷ ಆಷಾಢದ ಮೊದಲ ವಾರ, ಜ್ವರ ಬಿಟ್ಟ ನಾಲ್ಕನೇ ದಿನ, ನಮ್ಮ ಅತ್ತೆಗೆ ವಾಸನೆ ತಿಳಿಯುವುದು ನಿಂತಿತು. ಅವರು ಯಾರಿಗೂ ಹೇಳಲಿಲ್ಲ. ಸಾಗರದ ನಮ್ಮ ಮನೆಯಲ್ಲಿ ಇರುವುದು ಅತ್ತೆ, ನನ್ನ ಗಂಡ ಮತ್ತು ನಾನು. ಒಂದೇ ಮನೆಯಲ್ಲಿದ್ದೂ ನನಗೆ ವಿಷಯ ಗೊತ್ತಾಗಲು ಹದಿನೈದು ದಿನ ಹಿಡಿಯಿತು.

ಸುಳಿವುಗಳಿದ್ದವು. ಒಂದು ದಿನ ಸಾರು ಸಪ್ಪೆ, ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. ಹೊಸನಗರದ ಶಾಲೆಗೆ ದಿನವೂ ಬಸ್ಸಿನಲ್ಲಿ ಓಡುವ ನನ್ನ ಗಂಡ ಎರಡನ್ನೂ ಮಾತಿಲ್ಲದೆ ಉಂಡು ಹೋದರು. ಜ್ವರದ ಸುಸ್ತು ಎಂದು ನಾನೂ ಸುಮ್ಮನಾದೆ. ಊರೂರಿನ ಸುದ್ದಿ ಬರೆಯುವುದು ನನ್ನ ಕೆಲಸ. ಮನೆಯದನ್ನು ಗಮನಿಸಲಿಲ್ಲ.

ಅತ್ತೆ ಅಡುಗೆಯ ರುಚಿಯನ್ನು ನಾಲಿಗೆಯಿಂದ ನೋಡಿದವರಲ್ಲ. ಮೊದಲ ಸೌಟು ದೇವರ ಎಡೆಗೆ ಹೋಗಬೇಕು, ಅದಕ್ಕೂ ಮೊದಲು ಯಾರ ಬಾಯಿಗೂ ತಾಗಬಾರದು ಎಂಬುದು ಅವರ ತವರಿನ ಕ್ರಮ. ಹಾಗಾಗಿ ಉಪ್ಪನ್ನೂ ಹಬೆಯಲ್ಲೇ ನೋಡುತ್ತಿದ್ದರು. ಪಾತ್ರೆಯ ಮುಚ್ಚಳ ಸರಿಸಿ, ಕೈಯಿಂದ ಹಬೆಯನ್ನು ಮುಖದ ಕಡೆಗೆ ಬೀಸಿಕೊಂಡು, 'ಇನ್ನೊಂದ್ ಚಿಟಿಕೆ' ಎನ್ನುತ್ತಿದ್ದರು. ಉಪ್ಪು ಬಿದ್ದ ಸಾರಿನ ಹಬೆಯೇ ಬೇರೆ, ಬೀಳದ್ದರ ಹಬೆಯೇ ಬೇರೆ ಎಂದು ನನಗೆ ಎಷ್ಟೋ ಸಲ ಹೇಳಿಕೊಟ್ಟಿದ್ದರು. ನನಗೆ ಎರಡೂ ಒಂದೇ.

ಹದಿನೈದನೇ ದಿನ ಅವರು ಸೌತೆಕಾಯಿ ಕೇಕು ಮಾಡುತ್ತಿದ್ದರು. ಕೇಕು ಎಂಬುದು ನಾವಿಟ್ಟ ಹೆಸರು. ಬಲಿತ ಸೌತೆಕಾಯಿ ತುರಿದು, ಅದು ಬಿಟ್ಟ ನೀರಲ್ಲೇ ಅಕ್ಕಿ ತರಿ ನೆನೆಸಿ, ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ಕಲಸುತ್ತಾರೆ. ಬೆಲ್ಲ ಸಾಲದಿದ್ದರೆ ಕಳಿತ ಬಾಳೆಹಣ್ಣು. ಅಳತೆ ಕೇಳಿದರೆ 'ಸೌತೆಕಾಯಿ ಎಷ್ಟು ಕೇಳ್ತದೋ ಅಷ್ಟು' ಎಂಬ ಉತ್ತರ. ಅವರ ತವರಿನಲ್ಲಿ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರಂತೆ. ಇಲ್ಲಿ ಗ್ಯಾಸ್ ಒಲೆ. ಹೊನ್ನೆಮರಡಿಗೆ ಹೋದಾಗ ಹಿನ್ನೀರಿನ ದಡದಿಂದ ತಂದ ಮರಳನ್ನು ತೊಳೆದು ಒಣಗಿಸಿ ಹಳೆಯ ಕುಕ್ಕರಿನ ತಳಕ್ಕೆ ಹಾಕಿದ್ದಾರೆ. ಅದರ ಮೇಲೆ ಅರಿಶಿನದ ಎಲೆ ಹಾಸಿದ ಬೋಗುಣಿ. ಸೀಟಿ ಹಾಕುವುದಿಲ್ಲ. ಸೀಟಿಯ ತೂತಿನಿಂದ ಅರಿಶಿನದೆಲೆಯ ವಾಸನೆ ಹೋಗಿ ಬೆಲ್ಲದ ವಾಸನೆ ಬಂದಾಗ ಇಳಿಸಬೇಕು.

ನಾನು ಪಕ್ಕದ ಕೋಣೆಯಲ್ಲಿ ವರದಿ ಬರೆಯುತ್ತಿದ್ದೆ. ಬೆಲ್ಲ ಸೀಯುವ ವಾಸನೆ ಬಂತು. ಅಡುಗೆಮನೆಗೆ ಹೋದರೆ ಅತ್ತೆ ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕುಕ್ಕರಿನ ತೂತಿನಿಂದ ಹೊಗೆ ಏಳುತ್ತಿತ್ತು. ಒಲೆ ಆರಿಸಿದೆ.

'ಅತ್ತೆ, ಸೀದು ಹೋಗ್ತಿದೆ.'

ಅವರು ಕುಕ್ಕರನ್ನು ನೋಡಿದರು. 'ಹೌದನೆ?' ಎಂದರು. ಕೈಯಲ್ಲಿದ್ದ ಎಸಳನ್ನು ಮೂಗಿಗೆ ಹಿಡಿದು, 'ಬೆಳ್ಳುಳ್ಳಿ ಮೂಸಿದ್ರೂ ಒಂದೇ, ಬೂದಿ ಮೂಸಿದ್ರೂ ಒಂದೇ ಆಗಿದೆ ಕಣೆ. ನಿನ್ನ ಗಂಡಂಗೆ ಹೇಳ್ಬೇಡ' ಎಂದರು.

ಹೇಳಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವಾಸನೆ ತಿಳಿಯುವುದು ಮರಳಿ ಬರಬಹುದು, ಬಾರದೆಯೂ ಇರಬಹುದು, ಇಷ್ಟೇ ದಿನ ಎಂದು ಹೇಳಲಾಗದು ಎಂದರು ಡಾಕ್ಟರು. ನಾಲಿಗೆ ಸರಿಯಿದೆ, ಉಪ್ಪು ಸಿಹಿ ತಿಳಿಯುತ್ತದೆ, ರುಚಿ ನೋಡಿ ಅಡುಗೆ ಮಾಡಿ ಎಂದರು. ಅತ್ತೆ ತಲೆಯಾಡಿಸಿದರು. ಮನೆಗೆ ಬಂದು, 'ಎಂಜಲು ಮಾಡಿ ಬಡಿಸೋದಾದ್ರೆ ಅಡುಗೆ ಎಂತಕ್ಕೆ? ನೀನೇ ಮಾಡು' ಎಂದು ಸೌಟನ್ನು ನನ್ನ ಕೈಗೆ ಕೊಟ್ಟರು.

ನನ್ನ ಅಡುಗೆಯನ್ನು ಅವರು ದೂರಲಿಲ್ಲ. ತಟ್ಟೆಯಲ್ಲಿ ಉಳಿಸತೊಡಗಿದರು.

ಸೀಗೆ ಹುಣ್ಣಿಮೆ ಹತ್ತಿರ ಬಂತು. ಗದ್ದೆಯಲ್ಲಿ ಭತ್ತ ಹೊಡೆಯಾಗುವ, ತೆನೆ ಇನ್ನೂ ಒಳಗೇ ಇರುವ ಕಾಲ. ಭೂಮಿ ಬಸುರಿ ಎಂದು ಬಯಕೆಯ ಊಟ ಮಾಡಿ ಹೊತ್ತು ಮೂಡುವ ಮುನ್ನ ಗದ್ದೆಗೆ ಒಯ್ಯುವ ಹಬ್ಬ. ಅತ್ತೆಯ ಅಕ್ಕ ಅರಳಸುರಳಿಯಲ್ಲಿದ್ದಾರೆ. ನಾನು ಅವರನ್ನು ದೊಡ್ಡತ್ತೆ ಎನ್ನುತ್ತೇನೆ. ಪ್ರತಿವರ್ಷ ಅವರ ಮನೆಯ ಹಬ್ಬದ ಅಡುಗೆ ಅತ್ತೆಯದೇ. ಈ ಸಲ ಬರುವುದಿಲ್ಲ ಎಂದು ಅತ್ತೆ ನನ್ನಿಂದ ಫೋನ್ ಮಾಡಿಸಿದರು. ದೊಡ್ಡತ್ತೆ ಪೂರ್ತಿ ಕೇಳಲಿಲ್ಲ. 'ಕಾಲು ಮುರ್ದಿದ್ಯಾ? ಇಲ್ಲ ತಾನೆ. ಬಸ್ ಹತ್ತಕ್ಕೆ ಹೇಳು' ಎಂದು ಇಟ್ಟುಬಿಟ್ಟರು.

ಬಸ್ಸಿನಲ್ಲಿ ಅತ್ತೆ ಒಂದು ಒಪ್ಪಂದಕ್ಕೆ ಬಂದರು. 'ಮೂಗು ನಿಂದು, ಕೈ ನಂದು. ಅಕ್ಕಂಗೆ ಗೊತ್ತಾಗಬಾರ್ದು.'

ಅಡುಗೆ ನಡೆಯಿತು. ಸೌತೆಕಾಯಿ ಕಡುಬು, ಹತ್ತಾರು ಸೊಪ್ಪಿನ ಹಚ್ಚಂಬಲಿ, ಅಮಟೆಕಾಯಿ ಹಾಕಿದ ಕೆಸುವಿನ ಪಲ್ಯ. ಹಬ್ಬದ ಅಡುಗೆಯನ್ನಂತೂ ಯಾರೂ ರುಚಿ ನೋಡುವಂತಿಲ್ಲ. ಅತ್ತೆ ಕಣ್ಣಲ್ಲೇ ಕರೆದಾಗ ನಾನು ಹೋಗಿ ಹಬೆಗೆ ಮುಖ ಒಡ್ಡುತ್ತಿದ್ದೆ. ದೊಡ್ಡತ್ತೆ ಬಾಗಿಲಲ್ಲಿ ನಿಂತು ನೋಡಿದರು. 'ಎಂತಕ್ಕೆ ಮಾರಾಯ್ತಿ, ಸೊಸೆ ಮೂಗು ಬಾಡಿಗೆಗೆ ತಂದಿದೀಯಾ?' ಎಂದರು. ಅತ್ತೆ ಪಲ್ಯದ ಮುಚ್ಚಳ ಸರಿಸಿದರು. ಪಲ್ಯದ ಹಬೆ ನೋಡಿ ನಾನು 'ಸರಿ ಇದೆ' ಎಂದೆ. ನನಗೆ ಏನೂ ತಿಳಿದಿರಲಿಲ್ಲ. ತಿಳಿಯದ್ದನ್ನು ಖಚಿತಪಡಿಸಬಾರದು ಎಂಬುದು ನನ್ನ ಕೆಲಸದ ಮೊದಲ ಪಾಠ.

ಬೆಳಗಿನ ಜಾವ ಗದ್ದೆಯಲ್ಲಿ ಪೂಜೆಯಾಯಿತು. ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರಿದರು. ಬದುವಿನ ಮೇಲೆ ಬಾಳೆಲೆ ಹಾಕಿ ಎಲ್ಲರೂ ಊಟಕ್ಕೆ ಕೂತೆವು. ಕೆಸುವಿನ ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ತುತ್ತು ಬಾಯಿಗಿಟ್ಟವರೆಲ್ಲ ಎಲೆ ನೋಡುತ್ತ ಕೂತರು. ಅತ್ತೆಗೂ ನಾಲಿಗೆಯಲ್ಲಿ ಗೊತ್ತಾಯಿತು. ಅವರ ಕೈ ಎಲೆಯ ಮೇಲೆ ನಿಂತಿತು.

ದೊಡ್ಡತ್ತೆ ಇನ್ನೊಂದು ತುತ್ತು ಕಲಸಿದರು. 'ಬಸುರೀರಿಗೆ ಬೀಪಿ ಬರ್ತದೆ, ಉಪ್ಪು ಕಮ್ಮಿ ಕೊಡಿ ಅಂತಾರಲ್ಲ ಡಾಕ್ಟ್ರು. ಭೂಮಿಗೆ ಇಷ್ಟು ವರ್ಷ ಹೇಳೋರೇ ಇರ್ಲಿಲ್ಲ' ಎಂದರು. ಮೊದಲು ನಕ್ಕವರು ಅತ್ತೆ. ಜ್ವರದ ನಂತರ ಅವರು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ. ನಗುತ್ತಲೇ ಕಣ್ಣೊರೆಸಿಕೊಂಡರು.

ದೊಡ್ಡತ್ತೆ ಮಿಡಿ ಉಪ್ಪಿನಕಾಯಿಯನ್ನು ತಂಗಿಯ ಎಲೆಗೆ ಬಡಿಸಿದರು. 'ಯಾವತ್ತಿಂದ?'

'ಆಷಾಢದಿಂದ.'

'ನಂಗೆ ಹೇಳಕ್ಕೆ ಎಂತ ಆಗಿತ್ತು? ಮೊದಲ ಸೌಟು ತೆಗ್ದಿಡು. ಅದು ದೇವ್ರಿಗೆ. ಆಮೇಲೆ ನೆಕ್ಕಿ ನೋಡು, ಉಪ್ಪು ಹಾಕು. ದೇವ್ರು ಸಪ್ಪೆ ಉಂಡ್ರೆ ಕರಗಿ ಹೋಗದಿಲ್ಲ.'

ಸಾಗರಕ್ಕೆ ಮರಳಿದ ಮರುದಿನ ಅತ್ತೆ ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡರು.

ಅವರಿಗೆ ವಾಸನೆ ಇನ್ನೂ ತಿಳಿಯುತ್ತಿಲ್ಲ. ಕೇಕು ಒಲೆಯ ಮೇಲಿದ್ದಾಗ ನಾನು ಪಕ್ಕದ ಕೋಣೆಯ ಬಾಗಿಲು ತೆಗೆದಿಟ್ಟು ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಅತ್ತೆ ಒಂದು ಸೌಟು ಸಾರು ಎಡೆಗೆ ತೆಗೆದಿಟ್ಟರು, ಗೋಡೆಯ ಕಡೆ ತಿರುಗಿ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿ ನೋಡಿದರು, ಒಂದು ಚಿಟಿಕೆ ಉಪ್ಪು ಹಾಕಿದರು.